ಚಿನ್ನದ ಬಣ್ಣದ ಮೈಕೇ ಬೇಕು ಅಂದ ತಮ್ಮ, ಕಂಬಳಿ ಹುಡುಕ್ಕೊಂಡು ಹೋದ ನಾನು

ನಮ್ಮ ಚಿಕ್ಕಪ್ಪನ ಮಗ ರಾಪ್ ಮಾಡ್ತಾನೆ, ಕನ್ನಡದಲ್ಲೇ. ಬಿಎಂಟಿಸಿ ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತೇ ಫೋನಲ್ಲಿ ಬರ್ಕೊಳ್ತಾನೆ, ರಾತ್ರಿ ಟೆರೇಸಿಗೆ ಹೋಗಿ ನೀರಿನ ಟ್ಯಾಂಕ್ ಪಕ್ಕ ನಿಂತು ಅದೇ ಫೋನಲ್ಲಿ ರೆಕಾರ್ಡ್ ಮಾಡ್ತಾನೆ, ಕೇಳಿದ್ರೆ ಟ್ಯಾಂಕ್ ಒಳಗೆ ಬಿದ್ದಿರೋನು ಯಾರೋ ಮೇಲಿರೋರಿಗೆ ಬೈತಿರೋ ಹಂಗಿರುತ್ತೆ. ಬರೆಯೋದು ಮಾತ್ರ ಸಖತ್ತಾಗಿ ಬರೀತಾನೆ. ಒಂದಿನ ಬಂದು "ಅಣ್ಣಾ 8,000 ಕೂಡಿಟ್ಟಿದೀನಿ, ಒಂದು ಮೈಕ್ ಸೆಲೆಕ್ಟ್ ಮಾಡ್ಕೊಡು, ಚಿನ್ನದ ಬಣ್ಣದ್ದು ಇರುತ್ತಲ್ಲ, ಜೇಡರಬಲೆ ತರ ಎಲಾಸ್ಟಿಕ್ಕಲ್ಲಿ ನೇತಾಡ್ತಿರುತ್ತಲ್ಲ, ಅಂಥದ್ದು" ಅಂದ. ನಾನು ಆಂಪ್ಲಿಫೈಯರ್ ರಿಪೇರಿ ಅಂಗಡೀಲಿ ಕೆಲಸ ಮಾಡೋನು, ಗಣೇಶನ ಹಬ್ಬ ರಾಜ್ಯೋತ್ಸವ ಮುಗೀತು ಅಂದ್ರೆ ನಮ್ಮ ಬೆಂಚ್ ಮೇಲೆ ಸುಟ್ಟೋದ ಆಂಪ್ಲಿಫೈಯರ್‌ಗಳು ಊಟಕ್ಕೆ ಪಂಕ್ತಿ ಕೂತಂಗೆ ಕೂತಿರ್ತವೆ, ಹಾಗಾಗಿ ಮೈಕ್ ಬಗ್ಗೆ ನಂಗೆಲ್ಲಾ ಗೊತ್ತು ಅನ್ನೋ ಕೊಬ್ಬು ಇತ್ತು. ಸ್ಟೇಜ್ ಮೈಕ್ ಬಗ್ಗೆ ಗೊತ್ತಿತ್ತು, ಮನೇಲಿ ರೆಕಾರ್ಡ್ ಮಾಡೋದು ಬೇರೆ ಕತೆ ಅಂತ ತಿಳ್ಕೊಳಕ್ಕೆ ಆರು ವಾರ ಹಿಡೀತು. ಏನೇನು ಮಾಡಿದ್ವಿ, ಎಲ್ಲಿ ದುಡ್ಡು ಹೋಯ್ತು, ಯಾವುದು ಕೆಲಸಕ್ಕೆ ಬಂತು ಎಲ್ಲಾ ಬರೆದಿಡ್ತಿದೀನಿ.

ಮೊದಲು ರೂಮ್ ಹೆಂಗಿದೆ ಅಂತ ಹೇಳ್ಬೇಕು, ಯಾಕಂದ್ರೆ ಮುಂದಿಂದೆಲ್ಲಾ ಇದರ ಮೇಲೇ ನಿಂತಿದೆ. ಕಾಮಾಕ್ಷಿಪಾಳ್ಯ, ಎರಡನೇ ಮಹಡಿ, ಉದ್ದ ಅಗಲ ಎತ್ತರ ಮೂರೂ ಹೆಚ್ಚುಕಮ್ಮಿ 10 ಅಡಿ, ಅಂದ್ರೆ ಬೆಲ್ಲದ ಅಚ್ಚಿನ ತರ ಚೌಕ. ಕೆಳಗಡೆ ಗ್ರೌಂಡ್ ಫ್ಲೋರಲ್ಲಿ ತಗಡು ಒತ್ತೋ ಪವರ್ ಪ್ರೆಸ್ ಯೂನಿಟ್, ಬೆಳಗ್ಗೆ 9ರಿಂದ ಸಂಜೆ 7ರವರೆಗೆ ಧಡ್ ಧಡ್ ಧಡ್. ಬೆಳಗ್ಗೆ ಕಸದ ಆಟೋ ಹಾಡು ಹಾಕ್ಕೊಂಡು ಬರುತ್ತೆ, ಆಮೇಲೆ ಸ್ಪೀಕರ್ ಕಟ್ಟಿರೋ ತರಕಾರಿ ಗಾಡಿ, ಅಡುಗೆಮನೇಲಿ ಚಿಕ್ಕಮ್ಮನ ಕುಕ್ಕರ್. ನೆಲ ಪೂರ್ತಿ ಟೈಲ್ಸ್, ಗೋಡೆ ಮೇಲೆ ಒಂದು ಕ್ಯಾಲೆಂಡರ್ ಬಿಟ್ರೆ ಏನೂ ಇಲ್ಲ. ನಡುವೆ ನಿಂತು ಒಂದ್ ಸಲ ಚಪ್ಪಾಳೆ ತಟ್ಟಿದ್ರೆ "ಟರ್ರ್" ಅಂತ ವಾಪಸ್ ಬರುತ್ತೆ, ಎದುರುಬದುರು ಗೋಡೆಗಳ ಮಧ್ಯೆ ಸೌಂಡು ಪಿಂಗ್‌ಪಾಂಗ್ ಆಡೋದು ಅದು. ಚೌಕ ರೂಮಿಗೆ ಇನ್ನೊಂದು ಶಾಪ ಇದೆ. ಸೌಂಡ್ ಸೆಕೆಂಡಿಗೆ 343 ಮೀಟರ್ ಹೋಗುತ್ತೆ, 10 ಅಡಿ ಅಂದ್ರೆ ಸುಮಾರು 3.05 ಮೀಟರ್, ಲೆಕ್ಕ ಹಾಕಿದ್ರೆ ಆ ರೂಮು 56 ಹರ್ಟ್ಸಲ್ಲಿ ಒಂದ್ ಸಲ, ಅದರ ಡಬಲ್ 112ರಲ್ಲಿ ಇನ್ನೊಂದ್ ಸಲ ಗುಂಯ್ ಅನ್ನುತ್ತೆ, ಉದ್ದಕ್ಕೂ ಅದೇ ಅಗಲಕ್ಕೂ ಅದೇ ಎತ್ತರಕ್ಕೂ ಅದೇ, ಮೂರೂ ಒಂದೇ ಕಡೆ ಬಂದು ಬೀಳ್ತವೆ. ಗಂಡಸರ ದನಿಯ ಬುಡ ಇರೋದೇ ಆ 112ರ ಅಕ್ಕಪಕ್ಕದಲ್ಲಿ. ನಮ್ಮ ತಮ್ಮ ರೂಮ್ ನಟ್ಟನಡುವೆ ನಿಂತು "ಇಲ್ಲಿ ವಾಯ್ಸ್ ದಪ್ಪ ಬರುತ್ತೆ ಅಣ್ಣಾ" ಅಂತ ಖುಷಿಪಡ್ತಿದ್ದ, ಆ ದಪ್ಪ ಅವನದ್ದಲ್ಲ, ರೂಮಿಂದು.

ಇರೋ ಮೈಕ್ ಬಿಚ್ಚಿದ್ದು

ಹೊಸದು ತಗೊಳೋ ಮುಂಚೆ ಅವನ ಹತ್ರ ಆಗ್ಲೇ ಒಂದು ಕಂಡೆನ್ಸರ್ ಮೈಕ್ (ಕರೆಂಟ್ ಕೊಟ್ರೇನೇ ಕೆಲಸ ಮಾಡೋ ಸೂಕ್ಷ್ಮ ತರದ್ದು) ಬಿದ್ದಿತ್ತು, ಆನ್‌ಲೈನಲ್ಲಿ 1,200ಕ್ಕೆ ಸ್ಟ್ಯಾಂಡು, ಬಾಯಿ ಗಾಳಿ ತಡೆಯೋ ಪಾಪ್ ಫಿಲ್ಟರು ಎಲ್ಲಾ ಸೇರಿ ಒಂದು ಡಬ್ಬೀಲಿ ಬರುತ್ತಲ್ಲ ಅದು, ನೂರೆಂಟು ಹೆಸರಲ್ಲಿ ಒಂದೇ ಮೈಕ್ ಮಾರ್ತಾರೆ ಹಾಗಾಗಿ ಹೆಸರು ಹೇಳೋದ್ರಲ್ಲಿ ಅರ್ಥ ಇಲ್ಲ. "ಬರೀ ಗುಂಯ್ ಅನ್ನುತ್ತೆ, ಡಬ್ಬಾ" ಅಂತ ಮಂಚದ ಕೆಳಗೆ ಎಸೆದಿದ್ದ. ನಾನು ಬಿಚ್ಚಿದೆ. ಕೆಳಗಿನ ರಿಂಗ್ ತಿರುಗಿಸಿದ್ರೆ ಮೈ ಪೂರ್ತಿ ಸಿಲಿಂಡರ್ ತರ ಜಾರಿ ಆಚೆ ಬರುತ್ತೆ, ಒಳಗೆ ಒಂದು ಸಣ್ಣ ಬೋರ್ಡು, ಎರಡು ಮೂರು ಟ್ರಾನ್ಸಿಸ್ಟರು, ಅಷ್ಟೇ. ಜಾಲರಿ ಒಳಗೆ ದನಿ ಹಿಡಿಯೋ ಬಿಲ್ಲೆ, ಅಂದ್ರೆ ಕ್ಯಾಪ್ಸೂಲ್ ನೋಡಿ ತಮ್ಮಂಗೆ ಮೋಸ ಹೋದಂಗಾಯ್ತು. ಹೊರಗಡೆ ಅಷ್ಟು ದೊಡ್ಡ ತಲೆ ಇದೆ, ಒಳಗಿರೋ ಕ್ಯಾಪ್ಸೂಲು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಅದೇನು ಅಪರಾಧ ಅಲ್ಲ, ಒಳ್ಳೆ ಕಂಪನಿ ಮೈಕಲ್ಲೂ ಸಣ್ಣ ಕ್ಯಾಪ್ಸೂಲ್ ಇರುತ್ತೆ, ಆದ್ರೆ ಆ ಗಾತ್ರ ನೋಡಿ ದುಡ್ಡು ಕೊಡೋರಿಗೆ ಒಂದ್ ಸಲ ಬಿಚ್ಚಿ ತೋರಿಸ್ಬೇಕು.

ಗುಂಯ್ ಅನ್ನೋದಕ್ಕೆ ಎರಡು ಕಾರಣ ಸಿಕ್ತು. ಒಂದು, ಮೈಕಿನ ಬುಡದಲ್ಲಿರೋ ಎಕ್ಸ್‌ಎಲ್‌ಆರ್ ಅನ್ನೋ ಮೂರು ಪಿನ್ ಕನೆಕ್ಟರಲ್ಲಿ 1ನೇ ಪಿನ್ ಗ್ರೌಂಡು, 2 ಮತ್ತೆ 3 ಸಿಗ್ನಲ್ಲು. ಆ 1ನೇ ಪಿನ್ನು ಮೈಕಿನ ಲೋಹದ ಮೈಗೆ ಸೇರಿರ್ಬೇಕು, ಆಗ ಮೈ ಪೂರ್ತಿ ಹೊರಗಿನ ಕರೆಂಟ್ ಗಲೀಜು ತಡೆಯೋ ಶೀಲ್ಡ್ ಆಗುತ್ತೆ. ಇದರಲ್ಲಿ ಸೇರೇ ಇರ್ಲಿಲ್ಲ, ಮಲ್ಟಿಮೀಟರ್ ಬೀಪ್ ಮೋಡಲ್ಲಿ ಇಟ್ಟು ನೋಡಿದ್ರೆ ಮೌನ, ಯಾಕಂದ್ರೆ ಸ್ಕ್ರೂ ಕೂರೋ ಜಾಗದಲ್ಲೂ ದಪ್ಪಗೆ ಪೇಂಟ್ ಹೊಡೆದಿದ್ರು. ಬ್ಲೇಡಲ್ಲಿ ಪೇಂಟ್ ಕೆರೆದು, 1ನೇ ಪಿನ್ನಿಂದ ಒಂದು ಸಣ್ಣ ವೈರ್ ಬೆಸುಗೆ ಹಾಕಿ ಸ್ಕ್ರೂ ಕೆಳಗೆ ಬಿಗಿದೆ. ಎರಡನೇದು, ಇದರ ಜೊತೆ ಕೊಟ್ಟಿದ್ದ ಕೇಬಲ್ಲು ಒಂದು ಕಡೆ ಎಕ್ಸ್‌ಎಲ್‌ಆರ್ ಇನ್ನೊಂದು ಕಡೆ 3.5 ಎಂಎಂ ಪಿನ್ನು, ಅದನ್ನ ಸೀದಾ ಲ್ಯಾಪ್‌ಟಾಪಿಗೆ ಚುಚ್ಚಿದ್ದ. ಒಳಗಿನ ಸರ್ಕ್ಯೂಟ್ ಡಿಸೈನ್ ಆಗಿರೋದು ಮೈಕ್ ಕೇಬಲ್ಲಲ್ಲೇ ಬರೋ 48 ವೋಲ್ಟಿಗೆ, ಫ್ಯಾಂಟಮ್ ಪವರ್ ಅಂತಾರೆ, ಲ್ಯಾಪ್‌ಟಾಪ್ ಮೈಕ್ ಜಾಕ್ ಕೊಡೋದು ಎರಡು ಮೂರು ವೋಲ್ಟು, ಊಟಕ್ಕೆ ಕರೆದು ಮಂಡಕ್ಕಿ ಕೊಟ್ಟಂಗೆ. ಅದೂ ಅಲ್ದೆ ಆ ಕೇಬಲ್ ಬ್ಯಾಲೆನ್ಸ್ಡ್ ಅಲ್ಲ, ಅಂದ್ರೆ ಎರಡು ವೈರಲ್ಲಿ ಸಿಗ್ನಲ್ ಕಳಿಸಿ ಗಲೀಜು ಕಳೆಯೋ ತರದ್ದಲ್ಲ, ದಾರೀಲಿ ಹಿಡ್ಕೊಂಡ ಗಲೀಜೆಲ್ಲಾ ಸೀದಾ ಒಳಗೆ. ಜೊತೆಗೆ ಲ್ಯಾಪ್‌ಟಾಪ್ ಚಾರ್ಜರು ಎರಡು ಪಿನ್ನಿಂದು, ಅರ್ತ್ ಇಲ್ಲ, ಲ್ಯಾಪ್‌ಟಾಪ್ ಮೈ ಮುಟ್ಟಿದ್ರೆ ಜುಂ ಅನ್ನುತ್ತಲ್ಲ ಅದೇ ಕೇಸು. ಚಾರ್ಜರ್ ಕಿತ್ತ ತಕ್ಷಣ ಗುಂಯ್ ಅರ್ಧ ಹೋಯ್ತು. ನಮ್ಮ ಕರೆಂಟು 50 ಹರ್ಟ್ಸು, ಅದರ ಮರಿಗಳು 100, 150ರಲ್ಲಿ, ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಸಲ್ಲಿ ಎಷ್ಟು ಸೌಂಡು ಅನ್ನೋ ಚಿತ್ರ) ಹಾಕಿ ನೋಡಿದ್ರೆ ಬೇಲಿ ಗೂಟ ನೆಟ್ಟಂಗೆ ಸಾಲಾಗಿ ನಿಂತಿದ್ವು. ಯಾವ ಮೈಕಲ್ಲಾದ್ರೂ ಗುಂಯ್ ಬಂದ್ರೆ ಮೊದಲು ಹಿಂಗೆ ನೋಡಿ, 50ರ ಲೆಕ್ಕದಲ್ಲಿ ಗೂಟ ಇದ್ರೆ ಅದು ಕರೆಂಟಿನ ತಲೆನೋವು, ಬರೀ ಮೈಕ್ ಬದಲಾಯಿಸಿದ್ರೆ ಹೋಗುತ್ತೆ ಅಂತಿಲ್ಲ.

ಮೈಕಿಗೆ 48 ವೋಲ್ಟ್ ಕೊಟ್ಟು ಅದರ ಸಿಗ್ನಲ್ಲನ್ನ ಲ್ಯಾಪ್‌ಟಾಪಿಗೆ ಕಳಿಸೋ ಡಬ್ಬಿ, ಅಂದ್ರೆ ಇಂಟರ್‌ಫೇಸ್ ಒಂದು ಬೇಕೇ ಬೇಕಿತ್ತು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಲ್ಲಿ ಒಂದು ಶನಿವಾರ ಪೂರ್ತಿ ಅಲೆದ್ವಿ, ಚಿಕ್ಕಪೇಟೆ ಮೆಟ್ರೋಲಿ ಇಳಿದು ನಡ್ಕೊಂಡೇ ಹೋದ್ವಿ, ಬೈಕ್ ತಗೊಂಡು ಅಲ್ಲಿಗೆ ಹೋಗೋನು ಪಾರ್ಕಿಂಗ್ ಹುಡುಕೋದ್ರಲ್ಲೇ ಮುದುಕ ಆಗ್ತಾನೆ. ಹೊಸದು ಬಜೆಟ್ಟಿಗೆ ಬರ್ಲಿಲ್ಲ, ಕೊನೆಗೆ ಪರಿಚಯದ ಕೀಬೋರ್ಡ್ ನುಡಿಸೋರ ಹತ್ರ ಎರಡು ಇನ್‌ಪುಟ್ ಇರೋ ಹಳೇ ಇಂಟರ್‌ಫೇಸ್ 3,200ಕ್ಕೆ ಸಿಕ್ತು. ಎರಡು ಇನ್‌ಪುಟ್ ಯಾಕೆ, ಒಬ್ಬನೇ ಹಾಡೋದಲ್ವಾ ಅಂತ ತಮ್ಮ ಗೊಣಗಿದ, ಆದ್ರೆ ಮುಂದೆ ನಮ್ಮ ಜಗಳ ಬಗೆಹರಿಸಿದ್ದೇ ಆ ಎರಡನೇ ಇನ್‌ಪುಟ್ಟು. ರಿಪೇರಿ ಮಾಡಿದ ಮೈಕನ್ನ ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ಲಲ್ಲಿ ಹಾಕಿ 48 ವೋಲ್ಟ್ ಬಟನ್ ಒತ್ತಿದ್ರೆ ಗುಂಯ್ ಮಾಯ. ಬರೀ 350 ರೂಪಾಯಿ ಕೇಬಲ್ಲು, ಒಂದು ಬೆಸುಗೆ.

ಗುಂಯ್ ಹೋಯ್ತು, ಅದರ ಹಿಂದೆ ಅಡಗಿದ್ದಿದ್ದೆಲ್ಲಾ ಈಗ ಕ್ಲಿಯರಾಗಿ ಕೇಳಿಸ್ತು. ಪ್ರೆಸ್ಸು, ಕುಕ್ಕರು, ಪಕ್ಕದ ಮನೆ ಸೀರಿಯಲ್ಲು, ಎಲ್ಲದರ ಮೇಲೆ ಬಚ್ಚಲುಮನೆ ಎಕೋ.

ಅಂಗಡಿ ತಕ್ಕಡಿ

ಅಷ್ಟೊತ್ತಿಗೆ ತಮ್ಮ ನಾಲ್ಕೈದು ವೀಡಿಯೋ ನೋಡ್ಕೊಂಡು ಬಂದು "ಕಂಡೆನ್ಸರ್ ರೂಮ್ ಸೌಂಡ್ ಎಳ್ಕೊಳುತ್ತೆ, ಡೈನಮಿಕ್ ಎಳ್ಕೊಳಲ್ಲ" ಅಂತ ಮಂತ್ರ ಶುರು ಮಾಡಿದ. ಡೈನಮಿಕ್ ಅಂದ್ರೆ ಆಯಸ್ಕಾಂತ, ತಂತಿ ಸುರುಳಿ ಮೇಲೆ ನಡೆಯೋ, ಕರೆಂಟ್ ಬೇಡದ ಮೈಕು. ಪಾಡ್‌ಕಾಸ್ಟಲ್ಲಿ ಎಲ್ಲರ ಬಾಯಿ ಮುಂದೆ ಇರುತ್ತಲ್ಲ ಶೂರ್ ಎಸ್‌ಎಂ7ಬಿ, ಅದು ಬೇಕು ಅಂದ. ಅದರ ಬೆಲೆ ಹೇಳಿದ ಮೇಲೆ ಸುಮ್ಮನಾದ. ಅದೂ ಅಲ್ದೆ ಅದರ ಔಟ್‌ಪುಟ್ ಬಹಳ ಕಮ್ಮಿ, ಮೈನಸ್ 59 ಡಿಬಿ (ಡೆಸಿಬೆಲ್, ಮೈನಸ್ ಪಕ್ಕದ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು), ಸಾಧಾರಣ ಇಂಟರ್‌ಫೇಸ್‌ಗಳು ಮೆತ್ತಗೆ ಮಾತಾಡೋರಿಗೆ ಅಷ್ಟು ಗೇನ್ (ಸಿಗ್ನಲ್ ಹಿಗ್ಗಿಸೋದು) ಕೊಡಕ್ಕೆ ಏದುಸಿರು ಬಿಡ್ತವೆ. ಅದೇ ಶೂರ್ ಕಂಪನಿಯ ಡೈನಮಿಕ್ ಸ್ಟೇಜ್ ಮೈಕು ಎಸ್‌ಎಂ58 ಮೈನಸ್ 54.5, ಸ್ವಲ್ಪ ಪರವಾಗಿಲ್ಲ, ಮತ್ತೆ ರಾಪ್ ಮಾಡೋನು ಪಿಸುಗುಟ್ಟಲ್ಲ, ಬಾಯಿಗೆ ಹತ್ತಿರ ಇಟ್ಕೊಂಡು ಕಿರುಚ್ತಾನೆ, ಗೇನ್ ಸಾಲಲ್ಲ ಅನ್ನೋ ಭಯ ನಮಗೆ ಬೇಡ. 58 ಮಾರ್ಕೆಟ್ಟಿಗೆ ಬಂದಿದ್ದು 1966ರಲ್ಲಿ, ಇವತ್ತಿಗೂ ಆರ್ಕೆಸ್ಟ್ರಾ ಆಗ್ಲಿ ಕಾಲೇಜ್ ಫೆಸ್ಟ್ ಆಗ್ಲಿ ಸ್ಟೇಜ್ ಮೇಲೆ ಅದೇ. ಬಿದ್ರೂ ಸಾಯಲ್ಲ.

ಸೆಕೆಂಡ್ ಹ್ಯಾಂಡ್ ಹುಡುಕಿದೆ, ಒಬ್ಬ ಆಸಾಮಿ 2,800ಕ್ಕೆ ಕೊಡ್ತೀನಿ "ಡಬ್ಬಿ ಸಮೇತ, ಪೂರ್ತಿ ಹೊಸದು" ಅಂದ. ಆಗ್ಲೇ ಅನುಮಾನ ಬರ್ಬೇಕಿತ್ತು ನಂಗೆ. ಮನೆಗೆ ತಂದು ಹಿಡ್ಕೊಂಡ್ರೆ ಏನೋ ಹಗುರ. 58ರ ತೂಕ 298 ಗ್ರಾಂ ಅಂತ ಸ್ಪೆಕ್ಕಲ್ಲೇ ಇದೆ, ಕೆಳಗಿನ ಪ್ರಾವಿಜನ್ ಅಂಗಡಿಗೆ ತಗೊಂಡೋಗಿ ಬೇಳೆ ತೂಗೋ ತಕ್ಕಡಿ ಮೇಲಿಟ್ರೆ 236. ಅಂಗಡಿಯವರು "ಕಲಬೆರಕೆ ಕಣಪ್ಪಾ" ಅಂತ ನಕ್ಕರು. ತಲೆ ತಿರುಗಿಸಿ ಬಿಚ್ಚಿ ನೋಡಿದ್ರೆ ಅಸಲಿ 58ರ ಹಿಡಿ ಒಳಗೆ ಅಂಟು ಸುರಿದು ಕೂರಿಸಿರೋ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತೆ, ಇದರಲ್ಲಿ ಆ ಜಾಗ ಖಾಲಿ, ಎರಡು ವೈರು ಸೀದಾ ಕನೆಕ್ಟರಿಗೆ. ಮಾರಿದೋನು ಫೋನ್ ಎತ್ಲಿಲ್ಲ, ಹೋಯ್ತು 2,800. ನೀವು ತಗೊಳೋದಾದ್ರೆ ಜೇಬಲ್ಲಿ ಒಂದು ಸಣ್ಣ ತಕ್ಕಡಿ ಇಟ್ಕೊಂಡೇ ಹೋಗಿ, ನಾಚಿಕೆ ಪಡ್ಬೇಡಿ. ಎರಡನೇ ಸಲ ನಮ್ಮ ಅಂಗಡಿಗೆ ಬರೋ ಸೌಂಡ್ ಸಿಸ್ಟಮ್ ಬಾಡಿಗೆಯವರ ಹತ್ರ ತಗೊಂಡೆ, ಜಾಲರಿ ಸೊಟ್ಟ, ಪೇಂಟ್ ಕಿತ್ತೋಗಿದೆ, ಲಿಪ್‌ಸ್ಟಿಕ್ಕೋ ಎಲೆಅಡಿಕೆಯೋ ಗೊತ್ತಿಲ್ಲ ಕೆಂಪು ಕಲೆ ಬೇರೆ, ಆದ್ರೆ 297 ಗ್ರಾಂ ತೂಗ್ತು. 4,800. ಜಾಲರಿ ತಿರುಗಿಸಿ ತೆಗೆದು ಒಳಗಿನ ಸ್ಪಾಂಜ್ ಬಿಚ್ಚಿ ಸೋಪು ನೀರಲ್ಲಿ ತೊಳೆದು ಎರಡು ದಿನ ಒಣಗಿಸಿದ ಮೇಲೇನೇ ತಮ್ಮಂಗೆ ಕೊಟ್ಟಿದ್ದು.

ಒಂದೇ ಬಾಯಿ, ಎರಡು ಮೈಕು

ಈಗ ನಿಜವಾದ ಕೆಲಸ. ಸ್ನೇಹಿತನೊಬ್ಬನ ಹತ್ರ ಆಡಿಯೋ ಟೆಕ್ನಿಕಾ ಎಟಿ2020 ಇತ್ತು, ಒಂದು ವಾರಕ್ಕೆ ಇಸ್ಕೊಂಡೆ, ಕಡಿಮೆ ದುಡ್ಡಿನ ಕಂಡೆನ್ಸರಲ್ಲಿ ಮರ್ಯಾದಸ್ಥ ಮೈಕು ಅದು. ನಮ್ಮ ಅಂಗಡೀಲಿ ರಿಪೇರಿಗೆ ಬಂದು ಯಾರೂ ವಾಪಸ್ ತಗೊಂಡೋಗದ ಒಂದು ಅಹುಜಾ ಡೈನಮಿಕ್ಕೂ ಇತ್ತು, ಅದೂ ಬಂತು. ಟೆಸ್ಟಿಗೆ ತಮ್ಮನ ಕೈಲೇ ಎರಡು ಸಾಲು ಬರೆಸಿದೆ. ಒಂದು ಗಾಳಿ ಊದಕ್ಕೆ: "ಭಯಾನೂ ಇಲ್ಲ ಭಾರಾನೂ ಇಲ್ಲ, ಬಸ್ ಪಾಸು ಪರ್ಸಲ್ಲೈತೆ ಫುಲ್ಲು ಫಾರ್ಮಲ್ಲೈತೆ ಬಾಡಿ". ಇನ್ನೊಂದು ಸ್‌ಸ್ ಅನ್ನಕ್ಕೆ: "ಶನಿವಾರ ಸಂಜೆ ಶಿವಾಜಿನಗರ ಸ್ಟಾಪಲ್ಲಿ ಸುಮ್ಸುಮ್ನೆ ಶಿಳ್ಳೆ". ನಾವೆಲ್ಲಾ ಮಾತಾಡುವಾಗ ಮಹಾಪ್ರಾಣ ನುಂಗಿಬಿಡ್ತೀವಿ, ಭಯ ಬಯ ಆಗುತ್ತೆ, ಆದ್ರೆ ಇವ್ನು ರಾಪ್ ಮಾಡುವಾಗ ಜೋಶಲ್ಲಿ ಬ ಕೂಡ ಭ ಆಗುತ್ತೆ, ಕನ್ನಡ ಮೇಷ್ಟ್ರು ಕೇಳಿದ್ರೆ ಖುಷಿ, ಮೈಕಿಗೆ ಮಾತ್ರ ಬಿರುಗಾಳಿ.

ಮೊದಲು 58 ಮತ್ತೆ 2020 ಎರಡನ್ನೂ ಅಕ್ಕಪಕ್ಕ ಟೇಪ್ ಸುತ್ತಿ, ಬಾಯಿಂದ 15 ಸೆಂಟಿಮೀಟರ್ ದೂರಕ್ಕೆ ಇಟ್ಟು, ಎರಡು ಇನ್‌ಪುಟ್ಟಲ್ಲಿ ಒಂದೇ ಟೇಕ್ ರೆಕಾರ್ಡ್ ಮಾಡಿದೆ, ಬೇಕಂತಾನೇ ಪ್ರೆಸ್ ಓಡ್ತಿರೋ ಟೈಮಲ್ಲಿ. 2020 ಔಟ್‌ಪುಟ್ ಮೈನಸ್ 37 ಡಿಬಿ, ಅಂದ್ರೆ 58ಗಿಂತ ಹದಿನೇಳೂವರೆ ಡಿಬಿ ಜಾಸ್ತಿ, ಹಂಗೇ ಕೇಳಿದ್ರೆ ಅದರಲ್ಲಿ ಎಲ್ಲಾ ಜೋರಾಗಿರುತ್ತೆ, ದನಿನೂ ಗಲಾಟೆನೂ. ಜನ ಮೋಸ ಹೋಗೋದು ಇಲ್ಲೇ. ಗೇನ್ ತಿರುಗಿಸಿ ಎರಡರಲ್ಲೂ ದನಿ ಒಂದೇ ಮಟ್ಟಕ್ಕೆ ತಂದು, ಆಮೇಲೆ ಮಧ್ಯದ ಖಾಲಿ ಜಾಗದಲ್ಲಿ ಗಲಾಟೆ ಎಷ್ಟಿದೆ ಅಂತ ನೋಡ್ಬೇಕು. ನೋಡಿದ್ವಿ. ಪಕ್ಕದ ಮನೆ ಸೀರಿಯಲ್ಲಿನ ಅಳು ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು! ರೂಮಿನ ಎಕೋನೂ ಹತ್ತತ್ರ ಅಷ್ಟೇ. ವ್ಯತ್ಯಾಸ ಇದ್ದಿದ್ದು ಎರಡು ತುದೀಲಿ ಮಾತ್ರ, ಮೇಲುಗಡೆ ಪಾತ್ರೆ ಟಣ್ ಅನ್ನೋದು ಫ್ಯಾನ್ ಗಾಳಿಯ ಸರ್ರ್ ಅನ್ನೋದು 2020ರಲ್ಲಿ ಜಾಸ್ತಿ ಯಾಕಂದ್ರೆ ಅದು 20,000 ಹರ್ಟ್ಸ್ ತನಕ ಕೇಳಿಸ್ಕೊಳುತ್ತೆ, 58 ಮಾತ್ರ 15,000ಕ್ಕೆ ಸುಸ್ತಾಗುತ್ತೆ, ಕೆಳಗಡೆ ಪ್ರೆಸ್ಸಿನ ಧಡ್ ಕೂಡ 58ರಲ್ಲಿ ಸ್ವಲ್ಪ ಕಮ್ಮಿ ಯಾಕಂದ್ರೆ ಅದನ್ನ ಹತ್ತಿರದಿಂದ ಹಾಡಕ್ಕೆ ಅಂತಾನೇ ಮಾಡಿರೋದು, ದೂರದ ಬೇಸ್ ಅದು ಕತ್ತರಿಸಿಬಿಡುತ್ತೆ. ಎರಡೂ ಕಾರ್ಡಿಯಾಯ್ಡ್ ಮೈಕುಗಳು, ಕೇಳಿಸ್ಕೊಳೋ ಜಾಗ ವೀಳ್ಯದೆಲೆ ಆಕಾರದಲ್ಲಿರುತ್ತೆ, ತೊಟ್ಟಿನ ಕಡೆ ಕಿವುಡು. ಎಲೆ ಆಕಾರ ಒಂದೇ ಆದ ಮೇಲೆ, ದೂರ ಒಂದೇ ಆದ ಮೇಲೆ, ರೂಮು ಒಂದೇ ತರ ಕೇಳಿಸ್ದೆ ಇನ್ನೇನಾಗುತ್ತೆ.

ಹಂಗಾದ್ರೆ ಡೈನಮಿಕ್ಕಲ್ಲಿ ಗಲಾಟೆ ಕಮ್ಮಿ ಅಂತ ಎಲ್ಲರೂ ಹೇಳೋದು ಸುಳ್ಳಾ. ಸುಳ್ಳಲ್ಲ, ಕಾರಣ ತಪ್ಪು. ಎರಡನೇ ಟೇಕಲ್ಲಿ 58ನ ಬಾಯಿಂದ 5 ಸೆಂಟಿಮೀಟರಿಗೆ ತಂದೆ, ಮೂರು ಬೆರಳು ಅಡ್ಡ ಇಟ್ಟಷ್ಟು. ದೂರ ಅರ್ಧ ಆದ್ರೆ ದನಿ 6 ಡಿಬಿ ಏರುತ್ತೆ, 15ರಿಂದ 5ಕ್ಕೆ ಬಂದ್ರೆ ಸುಮಾರು ಒಂಬತ್ತೂವರೆ. ದನಿ ಅಷ್ಟು ಏರಿತು ಅಂತ ಗೇನ್ ಅಷ್ಟೇ ಇಳಿಸ್ದೆ, ರೂಮು ಪ್ರೆಸ್ಸು ಸೀರಿಯಲ್ಲು ಎಲ್ಲಾ ಒಂಬತ್ತೂವರೆ ಡಿಬಿ ಕೆಳಗೆ ಹೋದ್ವು. ತಮ್ಮ ಹೆಡ್‌ಫೋನ್ ಹಾಕ್ಕೊಂಡು "ಏನ್ ಪ್ಲಗಿನ್ ಹಾಕ್ದೆ" ಅಂತ ಕೇಳಿದ. ಏನೂ ಹಾಕಿಲ್ಲ ಮಾರಾಯ, ಮೈಕ್ ಹತ್ತಿರ ತಂದೆ ಅಷ್ಟೇ. ಅದೇ ಕೆಲಸ 2020ರಲ್ಲಿ ಮಾಡಿದ್ರೆ ಭ ಬಂದ್ ತಕ್ಷಣ ಢಬ್ ಅಂತ ಸ್ಪೀಕರ್ ಒದೆಯೋ ಹಂಗೆ ಬರುತ್ತೆ, ಎಂಜಲು ಸೌಂಡು ಉಸಿರು ಸೌಂಡು ಎಲ್ಲಾ ಬೀಳುತ್ತೆ, ಎಲೆ ತುಂಬಾ ಸಣ್ಣದು ದೊಡ್ಡದು ಎಲ್ಲಾ ಬಡಿಸಿದಂಗೆ. ಅದು ಜೋರು ತಡ್ಕೊಳಲ್ಲ ಅಂತಲ್ಲ, 144 ಡಿಬಿ ತನಕ ತಡ್ಕೊಳುತ್ತೆ, ತೊಂದರೆ ಗಾಳೀದು. ಅಂದ್ರೆ ನಮಗೆ 58 ಇಷ್ಟ ಆಗಿದ್ದು ಅದು ಡೈನಮಿಕ್ ಅಂತಲ್ಲ, ಬಾಯಿಗೆ ಅಂಟಿಸ್ಕೊಳಕ್ಕೆ ಬಿಡುತ್ತೆ ಅಂತ. ಅಹುಜಾನೂ ಅದೇ ದೂರದಲ್ಲಿ ಬೇಜಾರು ಮಾಡ್ಲಿಲ್ಲ ನೋಡಿ, ಮೂಗಲ್ಲಿ ಮಾತಾಡಿದಂಗೆ ಸ್ವಲ್ಪ ಇತ್ತು, ಆದ್ರೆ ಬೀಟ್ ಮೇಲೆ ಕೂರಿಸಿದ್ರೆ ಒಂದು ತರ ಹಳೇ ಕ್ಯಾಸೆಟ್ ಖದರು.

ಹತ್ತಿರ ಹೋದ್ರೆ ಬೇಸ್ ಜಾಸ್ತಿ ಆಗುತ್ತೆ, ಪ್ರಾಕ್ಸಿಮಿಟಿ ಎಫೆಕ್ಟ್ ಅಂತಾರಲ್ಲ ಅದು. ರಾಪಿಗೆ ಅದು ಸ್ವಲ್ಪ ಬೇಕು ಕೂಡ. ಜಾಸ್ತಿ ಆಗಿದ್ದನ್ನ ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ಈಕ್ಯೂ (ಬೇಸ್ ಟ್ರೆಬಲ್ ಏರಿಳಿಸೋದು) ಹಾಕಿ 90 ಹರ್ಟ್ಸ್ ಕೆಳಗೆ ಕತ್ತರಿಸ್ದೆ, ಪ್ರೆಸ್ಸಿನ ಧಡ್ ಉಳಿದಿದ್ದೂ ಜೊತೆಗೇ ಹೋಯ್ತು, ಒಂದೇ ಕಲ್ಲಿಗೆ ಎರಡು ಹಣ್ಣು.

ಇನ್ನೊಂದು ರೋಗ ಇತ್ತು ಇವನಿಗೆ, ರಾಪರ್‌ಗಳಿಗೆಲ್ಲಾ ಇರುತ್ತೆ: ಮೈಕಿನ ತಲೇನ ಅಂಗೈಯಲ್ಲಿ ಮುಚ್ಕೊಂಡು ಹಿಡಿಯೋದು. ನೋಡಕ್ಕೆ ಗತ್ತು. ಆದ್ರೆ ಕಾರ್ಡಿಯಾಯ್ಡ್ ಮೈಕು ಹಿಂದಿನ ಸೌಂಡ್ ತಳ್ಳೋದೇ ಜಾಲರಿ ಕೆಳಭಾಗದಿಂದ ಕ್ಯಾಪ್ಸೂಲ್ ಬೆನ್ನಿಗೆ ಗಾಳಿ ಹೋಗೋ ದಾರಿ ಇರೋದ್ರಿಂದ. ಆ ದಾರಿ ಕೈಯಲ್ಲಿ ಮುಚ್ಚಿದ್ರೆ ವೀಳ್ಯದೆಲೆ ಹೋಗಿ ರೊಟ್ಟಿ ಆಗುತ್ತೆ, ಸುತ್ತಲೂ ಕೇಳಿಸ್ಕೊಳುತ್ತೆ, ದನಿನೂ ಡಬ್ಬದೊಳಗಿಂದ ಬಂದಂಗೆ. ಮುಚ್ಚಿ ಒಂದು ಟೇಕು ಬಿಟ್ಟು ಒಂದು ಟೇಕು ಮಾಡಿಸಿ ಕೇಳಿಸಿದ ಮೇಲೇನೇ ಕೈ ತೆಗೆದಿದ್ದು. ಆಮೇಲೆ 900 ರೂಪಾಯಿ ಸ್ಟ್ಯಾಂಡು. ಸ್ಟ್ಯಾಂಡಿನ ಮೂರು ಕಾಲಿಗೆ ಹಳೇ ಸೈಕಲ್ ಟ್ಯೂಬ್ ಮಡಿಸಿ ಹಾಕಿದೆ, ನೆಲದಿಂದ ಹತ್ತಿ ಬರೋ ಪ್ರೆಸ್ಸಿನ ನಡುಕ ಅಲ್ಲೇ ಸ್ವಲ್ಪ ಸಾಯಲಿ ಅಂತ.

ಪಾಪ್ ಫಿಲ್ಟರಿಗೆ ಜಾಸ್ತಿ ತಲೆ ಕೆಡಿಸ್ಕೊಳ್ಲಿಲ್ಲ. ಚಿಕ್ಕಮ್ಮನ ಕಸೂತಿ ರಿಂಗು, ಅದಕ್ಕೆ ಹಳೇ ನೈಲಾನ್ ಸಾಕ್ಸ್ ಎಳೆದು ಕಟ್ಟಿದ್ದು. ಅದಕ್ಕಿಂತ ಕೆಲಸ ಮಾಡಿದ್ದು ಮೈಕನ್ನ ಬಾಯಿಗೆ ನೇರ ಇಡದೆ ಬಾಯಿಯ ಮೂಲೆ ಕಡೆ ಸ್ವಲ್ಪ ಓರೆಯಾಗಿ ಇಟ್ಟಿದ್ದು, ಗಾಳಿ ನೇರ ಹೋಗುತ್ತೆ ದನಿ ಎಲ್ಲಾ ಕಡೆ ಹೋಗುತ್ತೆ, ಹಾಗಾಗಿ ಭ ಪಕ್ಕದಿಂದ ಹಾದು ಹೋಗುತ್ತೆ. ಶ ಸ ಚುಚ್ಚೋದೂ ಅದರಿಂದಾನೇ ಕಮ್ಮಿ ಆಯ್ತು.

ಕಂಬಳಿ

ರೂಮ್ ಕೆಲಸಕ್ಕೆ ಬಂದ್ರೆ, ತಮ್ಮ ಆಗ್ಲೇ ಮೊಟ್ಟೆ ಟ್ರೇ ಕೂಡಿಸಕ್ಕೆ ಶುರು ಮಾಡಿದ್ದ, ಬೇಕರಿಯವರ ಹತ್ರ ಹೇಳಿಟ್ಟು ನಲವತ್ತು ಟ್ರೇ. ಎಲ್ಲಾ ವಾಪಸ್ ಕಳಿಸಿದೆ. ರಟ್ಟು ಅದು, ತೂಕ ಇಲ್ಲ ದಪ್ಪ ಇಲ್ಲ, ಮೇಲಿನ ಫ್ರೀಕ್ವೆನ್ಸಿ ಸ್ವಲ್ಪ ಚದುರಿಸುತ್ತೆ ಅಷ್ಟೇ, ಬೆಂಕಿ ಬಿದ್ರೆ ಮಾತ್ರ ಚೆನ್ನಾಗಿ ಉರಿಯುತ್ತೆ. ಒಂದಿಂಚು ಫೋಮೂ ಅಷ್ಟಕ್ಕಷ್ಟೇ. ಸೌಂಡ್ ಹೀರ್ಬೇಕಂದ್ರೆ ವಸ್ತು ಅಲೆಯ ಉದ್ದದ ಕಾಲು ಭಾಗದಷ್ಟಾದ್ರೂ ದಪ್ಪ ಇದ್ರೆ ಒಳ್ಳೇದು, 10 ಸೆಂಟಿಮೀಟರ್ ದಪ್ಪ ಅಂದ್ರೆ ಸುಮಾರು 850 ಹರ್ಟ್ಸಿಂದ ಮೇಲಕ್ಕೆ ಚೆನ್ನಾಗಿ ಹೀರುತ್ತೆ, ಗೋಡೆಯಿಂದ ಸ್ವಲ್ಪ ದೂರ ನೇತುಹಾಕಿದ್ರೆ ಇನ್ನೂ ಕೆಳಗೆ ಇಳಿಯುತ್ತೆ. ಅಷ್ಟು ದಪ್ಪದ್ದು ನಮ್ಮ ಮನೇಲಿ ಏನಿದೆ ಅಂತ ಯೋಚಿಸಿದ್ರೆ, ಅಜ್ಜಿಯ ಹತ್ತಿ ಹಾಸಿಗೆ! ಅಟ್ಟದ ಮೇಲೆ ಸುತ್ತಿಟ್ಟಿದ್ದು. ಜೊತೆಗೆ ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿ, ಒರಟು ಕಪ್ಪು ಕಂಬಳಿ ಇರುತ್ತಲ್ಲ ಅದು, ಒಂದು ಮನೇಲಿತ್ತು ಇನ್ನೊಂದನ್ನ ಸಂಬಂಧಿಕರ ಮನೆಯಿಂದ ಹೊತ್ಕೊಂಡು ಬಂದೆ. ಒಂದಿಂಚು ಪಿವಿಸಿ ಪೈಪು, ನಾಲ್ಕು ಎಲ್ಬೋ, ಎರಡು ಟೀ, ಎಲ್ಲಾ ಸೇರಿ 640 ರೂಪಾಯಿ, ಏಳು ಅಡಿ ಎತ್ತರದ ಒಂದು ಚೌಕಟ್ಟು ಮಾಡಿ ಅದರ ಮೇಲೆ ಹಾಸಿಗೆ ನೇತುಹಾಕಿ ಎರಡೂ ಕಡೆ ಕಂಬಳಿ ಹೊದಿಸಿದೆ. ಮೊದಲ ರಾತ್ರೀನೇ ಭಾರಕ್ಕೆ ಪೈಪ್ ಬಾಗಿ ಪೂರ್ತಿ ತಮ್ಮನ ಮೇಲೆ ಬಿತ್ತು, ಹಾಸಿಗೆ ತಾನೇ, ಏನೂ ಆಗ್ಲಿಲ್ಲ, ಆ ಟೇಕ್ ಇನ್ನೂ ಇಟ್ಕೊಂಡಿದೀನಿ. ಆಮೇಲೆ ಪೈಪ್ ಒಳಗೆ ಬಿದಿರಿನ ಗಳ ತೂರಿಸಿದೆ, ಗಟ್ಟಿ ನಿಂತ್ಕೊಂಡ್ತು.

ಇದನ್ನ ಎಲ್ಲಿ ಇಡೋದು ಅನ್ನೋದೇ ಮುಖ್ಯ. ಎಲ್ಲರೂ ಮೈಕಿನ ಹಿಂದೆ ಇಡ್ತಾರೆ, ಅರ್ಧಚಂದ್ರ ಆಕಾರದ ಫಿಲ್ಟರ್ ಅಂತ ಮಾರೋದೂ ಅದಕ್ಕೇ. ಆದ್ರೆ ಮೈಕು ತೊಟ್ಟಿನ ಕಡೆ ಆಗ್ಲೇ ಕಿವುಡು, ಅದು ಕಣ್ಣು ಬಿಟ್ಕೊಂಡು ನೋಡ್ತಿರೋದು ಹಾಡೋನನ್ನ ಮತ್ತೆ ಹಾಡೋನ ಬೆನ್ನ ಹಿಂದಿನ ಗೋಡೇನ. ಹಾಗಾಗಿ ಹಾಸಿಗೆ ಬೆನ್ನ ಹಿಂದೆ. ಹಾಡೋನ ಮುಂದೆ, ಮೈಕಿನ ಆಚೆ ಇಟ್ಟು ಒಂದು ಟೇಕು, ಅವನ ಬೆನ್ನ ಹಿಂದೆ ಇಟ್ಟು ಒಂದು ಟೇಕು ಮಾಡಿ ನೋಡಿದ್ವಿ, ಬೆನ್ನ ಹಿಂದೆ ಇಟ್ಟಾಗ ಬಚ್ಚಲುಮನೆ ಎಕೋ ಹೋಯ್ತು, ಮುಂದೆ ಇಟ್ಟಾಗ ಹೋಗ್ಲಿಲ್ಲ. ಮತ್ತೆ ರೂಮ್ ನಡುವಿಂದ ಎದ್ದು ಬಂದು ಮೈಕನ್ನ ಗೋಡೆಯಿಂದ ಎರಡೂವರೆ ಅಡಿಗೆ ತಂದ್ವಿ, 10 ಅಡಿಯ ಕಾಲು ಭಾಗ, ಆ 112 ಹರ್ಟ್ಸಿನ ಗುಂಯ್ ಆ ಜಾಗದಲ್ಲಿ ಸತ್ತಿರುತ್ತೆ. ತಮ್ಮಂಗೆ ಬೇಜಾರಾಯ್ತು, ದಪ್ಪ ವಾಯ್ಸ್ ಹೋಯ್ತಲ್ಲ ಅಂತ. ಎರಡು ದಿನ ಆದ ಮೇಲೆ ಅಕ್ಷರ ಒಂದೊಂದೂ ಬಿಡಿಬಿಡಿಯಾಗಿ ಕೇಳಿಸ್ತಿದೆ, ಒತ್ತಕ್ಷರ ಎಲ್ಲಾ ನಾಟ್ತಿದೆ ಅಂತ ಅವನೇ ಹೇಳಿದ. ಲ್ಯಾಪ್‌ಟಾಪ್ ಟೇಬಲ್ಲನ್ನೂ ಪಕ್ಕಕ್ಕೆ ತಳ್ಳಿದ್ವಿ. ಟೇಬಲ್ ಮೇಲೆ ತಟ್ಟಿ ಬರೋ ದನಿ 34 ಸೆಂಟಿಮೀಟರ್ ಸುತ್ತು ಹಾಕ್ಕೊಂಡು ಬಂತು ಅಂದ್ರೆ ಒಂದು ಮಿಲಿಸೆಕೆಂಡ್ ಲೇಟು, ಅಷ್ಟಕ್ಕೇ 500, 1500, 2500 ಹಿಂಗೆ ಸಾಲಾಗಿ ದನೀಲಿ ತೂತು ಬೀಳುತ್ತೆ, ಬಾಚಣಿಗೆ ಹಲ್ಲಿನ ತರ.

ಒಂದು ಮಾತ್ರ ಸ್ಪಷ್ಟ ಹೇಳ್ತೀನಿ, ಇದು ಎಕೋ ಕಮ್ಮಿ ಮಾಡುತ್ತೆ, ಹೊರಗಿನ ಗಲಾಟೆ ತಡೆಯಲ್ಲ. ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಹಾರ್ನ್ ನಿಲ್ಲುತ್ತೆ ಅಂದ್ಕೊಂಡ್ರೆ ಆಗಲ್ಲ, ಅದಕ್ಕೆ ಗೋಡೆಯಷ್ಟು ಭಾರ ಬೇಕು. ಬಾಡಿಗೆ ಮನೇಲಿ ಅದೆಲ್ಲಾ ಎಲ್ಲಿ. ಪ್ರೆಸ್ ನಿಲ್ಲೋದು 7ಕ್ಕೆ, ಚಿಕ್ಕಮ್ಮನ ಸೀರಿಯಲ್ ಮುಗಿಯೋದು 9ಕ್ಕೆ, ಮೇಲಿನ ಮನೆಯವರು ಮಲಗೋದು 10ಕ್ಕೆ, ನಮಗೆ ಉಳಿದಿದ್ದು 9ರಿಂದ 10. ಫ್ಯಾನ್ ಆಫ್. ಏಪ್ರಿಲ್ ತಿಂಗಳಲ್ಲಿ ಹಾಸಿಗೆ ಕಂಬಳಿ ಮಧ್ಯೆ ಫ್ಯಾನ್ ಇಲ್ದೆ ನಿಂತು ಡಬಲ್ ಟೈಮಲ್ಲಿ ರಾಪ್ ಮಾಡೋನ ಪಾಡು ನೀವೇ ಯೋಚನೆ ಮಾಡಿ, ಪ್ರತೀ ಎರಡು ಟೇಕಿಗೆ ಒಂದು ಮಜ್ಜಿಗೆ.

ಕಣ್ಣು ಮುಚ್ಚಿ ಕೇಳಿದ್ದು

ಎಟಿ2020 ವಾಪಸ್ ಕೊಡೋ ಮುಂಚೆ ನಾಲ್ಕು ಮೈಕಲ್ಲೂ ಅದೇ ಎಂಟು ಸಾಲು ರೆಕಾರ್ಡ್ ಮಾಡಿ, ಮಟ್ಟ ಒಂದೇ ಮಾಡಿ, ಫೈಲಿಗೆ ಇಡ್ಲಿ ವಡೆ ದೋಸೆ ಪೂರಿ ಅಂತ ಹೆಸರಿಟ್ಟು ಐದು ಜನಕ್ಕೆ ಕಳಿಸಿದೆ. ಕಂಬಳಿ ಇಲ್ದೆ ಖಾಲಿ ರೂಮಲ್ಲಿ ಮಾಡಿದ್ರಲ್ಲಿ ಐದೂ ಜನ ಬಾಯಿಗೆ ಅಂಟಿಸಿದ 58ನ ಆರಿಸಿದ್ರು. ಕಂಬಳಿ ಒಳಗೆ ಮಾಡಿದ್ರಲ್ಲಿ ಮೂರು ಜನ 2020 ಅಂದ್ರು, "ಹೊಳಪಿದೆ" ಅಂತ, ಇಬ್ಬರು 58. ನಂಗೆ ನಿಜವಾಗ್ಲೂ ಶಾಕ್ ಆಗಿದ್ದು ಬೇರೆ, ಬೀಟ್ ಹಾಕಿ ಫೋನ್ ಸ್ಪೀಕರಲ್ಲಿ ಕೇಳಿಸಿದಾಗ ಕಂಬಳಿ ಒಳಗಿನ 1,200 ರೂಪಾಯಿ ರಿಪೇರಿ ಮೈಕು ಯಾವುದು 2020 ಯಾವುದು ಅಂತ ಒಬ್ಬರಿಗೂ ಸರಿಯಾಗಿ ಹೇಳಕ್ಕಾಗ್ಲಿಲ್ಲ. ಹೆಡ್‌ಫೋನಲ್ಲಿ ಹಿಸ್ ಗೊತ್ತಾಗುತ್ತೆ, ಶ ಸ ಒರಟಾಗಿದೆ ಅಂತ ಗೊತ್ತಾಗುತ್ತೆ. ಆದ್ರೂ. 640 ರೂಪಾಯಿ ಪೈಪು ಮತ್ತೆ ಅಟ್ಟದ ಮೇಲಿನ ಹಾಸಿಗೆ ಮಾಡಿದ ಕೆಲಸನ ಯಾವ ಮೈಕೂ ಮಾಡ್ಲಿಲ್ಲ.

ತಮ್ಮಂಗೆ 58 ಉಳೀತು, ಯಾಕಂದ್ರೆ ಅವನು ಕೈಯಲ್ಲಿ ಹಿಡ್ಕೊಂಡು ಸ್ಟೇಜಿಗೂ ಹೋಗ್ಬೇಕು ಅಂತಾನೆ, ಮತ್ತೆ ಕಂಬಳಿ ಕಟ್ಟಕ್ಕೆ ಸೋಮಾರಿತನ ಬಂದ ದಿನಾನೂ ಅದು ಕೈ ಬಿಡಲ್ಲ. ನಿಮ್ಮ ರೂಮು ನಿಶ್ಶಬ್ದ ಇದ್ದು, ಬಟ್ಟೆ ತುಂಬಿದ ಬೀರು ದಪ್ಪ ಪರದೆ ಎಲ್ಲಾ ಇದ್ರೆ ಕಂಡೆನ್ಸರ್ ತಗೊಳಿ, ಹೆದರ್ಬೇಡಿ. ಇಂಟರ್‌ಫೇಸಿಗೆ ದುಡ್ಡಿಲ್ಲ ಅನ್ನೋರಿಗೆ ಸ್ಯಾಮ್ಸನ್ ಕ್ಯೂ2ಯು ತರದ್ದು ಇವೆ, ಯುಎಸ್‌ಬಿನೂ ಇರುತ್ತೆ ಎಕ್ಸ್‌ಎಲ್‌ಆರೂ ಇರುತ್ತೆ, ಇವತ್ತು ಲ್ಯಾಪ್‌ಟಾಪಿಗೆ ಚುಚ್ಚಿ ನಾಳೆ ದುಡ್ಡು ಬಂದಾಗ ಇಂಟರ್‌ಫೇಸಿಗೆ ಹೋಗ್ಬಹುದು. ರೆಕಾರ್ಡ್ ಮಾಡುವಾಗ ಸಾಫ್ಟ್‌ವೇರ್ ಸೆಟ್ಟಿಂಗಲ್ಲಿ 24 ಬಿಟ್ ಇಟ್ಕೊಂಡು ಜೋರಾದ ಜಾಗದಲ್ಲಿ ಮೀಟರು ಮೈನಸ್ 10 ಡಿಬಿ ಹತ್ತಿರ ಬಂದ್ರೆ ಸಾಕು, ಕೆಂಪು ಮುಟ್ಟಿಸೋ ಚಪಲ ಬೇಡ. ಹೆಡ್‌ಫೋನು ಕಿವಿ ಪೂರ್ತಿ ಮುಚ್ಚೋದಿರ್ಲಿ, ಮೈಕ್ ಅಷ್ಟು ಹತ್ತಿರ ಇದ್ದಾಗ ಇಯರ್‌ಫೋನಿಂದ ಸೋರೋ ಬೀಟೂ ರೆಕಾರ್ಡ್ ಆಗುತ್ತೆ.

ಲೆಕ್ಕ: ಇಂಟರ್‌ಫೇಸ್ 3,200, ಮೈಕು 4,800, ಕೇಬಲ್ 350, ಸ್ಟ್ಯಾಂಡ್ 900, ಪೈಪು 640, ಒಟ್ಟು 9,890. ಬಜೆಟ್ ಮೀರಿದ 1,890 ನಂದು, ಕಲಬೆರಕೆ ಮೈಕಿನ 2,800 ಕೂಡ ನಂದೇ, ಅದನ್ನ ಚಿಕ್ಕಪ್ಪನಿಗೆ ಹೇಳಿಲ್ಲ.

ಮೊದಲನೇ ಹಾಡಿನ ದನಿ ಪೂರ್ತಿ ರೆಕಾರ್ಡ್ ಆಗಿದ್ದು ಹೋದ ಗುರುವಾರ ರಾತ್ರಿ. ಮುಗಿದ ಮೇಲೆ ತಮ್ಮ ಹಲ್ಲು ಕಿರಿದು "ಅಣ್ಣಾ ಇದಕ್ಕೆ ಚಿನ್ನದ ಸ್ಪ್ರೇ ಪೇಂಟ್ ಹೊಡೆಯೋಣ, ವೀಡಿಯೋಲಿ ಚೆನ್ನಾಗಿ ಕಾಣುತ್ತೆ" ಅಂದ. ಜಾಲರಿ ತೂತು ಮುಚ್ಕೊಂಡು ದನಿ ಮಂಕಾಗುತ್ತೆ, ಹತ್ತಿರ ಬರ್ಬೇಡ ಅಂತ ಬೈದೆ. ಮುಖ ಸಣ್ಣಗೆ ಮಾಡ್ಕೊಂಡ. ಮಾರನೇ ದಿನ ಹೋಗಿ ನೋಡಿದ್ರೆ ಚಿಕ್ಕಮ್ಮನ ಹಳೇ ಸೀರೆಯ ಜರಿ ಅಂಚು ಎರಡು ಇಂಚು ಅಗಲಕ್ಕೆ ಕತ್ತರಿಸಿ ಮೈಕಿನ ಹಿಡಿಗೆ ಸುತ್ತಿದ್ದ, ಜಾಲರಿಯಿಂದ ಒಂದು ಬೆರಳು ಕೆಳಗೆ, ಗಾಳಿ ಹೋಗೋ ದಾರಿ ಬಿಟ್ಟು.